ಏಜೆಂಟರಿಗೆ ಕೊಟ್ಟುಬಿಡಿ ಎಂಬ ಉಪದೇಶ

ಸಾಗರದ ತಾಲ್ಲೂಕು ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಾಗಲಿ, ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಾಗಲಿ, ತೀರ್ಥಹಳ್ಳಿ ಕಡೆಯ ಮದುವೆಮನೆಯ ಊಟದ ಪಂಕ್ತಿಯಲ್ಲಾಗಲಿ ‘ಮಗಳು ಹೊರದೇಶಕ್ಕೆ ಹೊರಟಿದ್ದಾಳೆ, ಬರ್ತ್ ಸರ್ಟಿಫಿಕೇಟಿಗೆ ಅದೇನೋ ಸೀಲು ಬೇಕಂತೆ’ ಎಂದು ಬಾಯಿಬಿಟ್ಟು ನೋಡಿ. ಸುತ್ತ ಇದ್ದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಏಜೆಂಟ್‌ಗೆ ಕೊಟ್ಬಿಡಿ ಮಾರಾಯ್ರೆ. ದುಡ್ಡು ಹೋದ್ರೆ ಹೋಯ್ತು, ತಲೆಬಿಸಿ ಇಲ್ಲ.’ ಹೇಳುವವರಲ್ಲಿ ಓದಿದವರು, ಓದದವರು ಎಂಬ ಭೇದವಿಲ್ಲ. ಮೇಷ್ಟ್ರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಅಮೆರಿಕದಲ್ಲಿ ಹತ್ತು ವರ್ಷ ಇದ್ದು ಬಂದ ಅಳಿಯ ಹೇಳುತ್ತಾನೆ. ಕಚೇರಿಯ ಗುಮಾಸ್ತರೇ ದನಿ ತಗ್ಗಿಸಿ ಹೇಳುವುದೂ ಉಂಟು.

ಈ ಉಪದೇಶ ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ದುಬಾರಿಯಾದ ಮೂಢನಂಬಿಕೆ ಎಂದು ನನ್ನ ಅಭಿಪ್ರಾಯ. ಸೀಲು ಬಿದ್ದರೆ ಕಾಗದ ಪಕ್ಕಾ, ಸೀಲು ಹಾಕಿಸುವುದೇ ಕಷ್ಟ, ಆ ಕಷ್ಟ ಇರುವುದು ಬೆಂಗಳೂರಿನಲ್ಲಿ ಅಥವಾ ದೆಹಲಿಯಲ್ಲಿ, ಹಾಗಾಗಿ ಅಲ್ಲಿ ಕೈ ಇರುವವನಿಗೆ ದುಡ್ಡು ಕೊಟ್ಟರೆ ಮುಗಿಯಿತು ಎಂಬ ಲೆಕ್ಕ ಅದರ ಬೆನ್ನಿಗಿದೆ. ಈ ಲೆಕ್ಕ ಬುಡದಿಂದಲೇ ತಪ್ಪು. ಬೆಂಗಳೂರಿನ ಕೆಲಸವೇ ಇಡೀ ವ್ಯವಹಾರದಲ್ಲಿ ಸಲೀಸು. ತೊಡಕಿರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವ ಒಂದು ರಿಜಿಸ್ಟರಿನಲ್ಲಿ. ಅದನ್ನು ಯಾವ ಏಜೆಂಟನೂ ನಮ್ಮ ಪರವಾಗಿ ತೆರೆದು ನೋಡುವುದಿಲ್ಲ.

ಮೊದಲು ಆ ಸೀಲು ಏನು ಹೇಳುತ್ತದೆ ನೋಡೋಣ. ಅಪೊಸ್ಟಿಲ್ ಎಂಬ ಈ ಏರ್ಪಾಡು ಹುಟ್ಟಿದ್ದು 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದಿಂದ. ಅದಕ್ಕಿಂತ ಮುಂಚೆ ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಬೇಕಾದರೆ ಕಚೇರಿಯಿಂದ ಕಚೇರಿಗೆ ಸಹಿ ಹತ್ತಿಸಿಕೊಂಡು ಹೋಗಿ, ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಬಾಗಿಲು ತಟ್ಟಬೇಕಿತ್ತು. ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಒಂದೇ ಪ್ರಮಾಣಪತ್ರ ಸಾಕು ಎಂದಾಯಿತು. ಭಾರತದ ಮಟ್ಟಿಗೆ ಇದು ಜಾರಿಗೆ ಬಂದದ್ದು 2005ರ ಜುಲೈ 14ರಂದು. ಈಗ 120ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಸೌದಿ 2022ರ ಕೊನೆಗೆ ಬಂತು, ಚೀನಾ 2023ರಲ್ಲಿ, ಕೆನಡಾ 2024ರ ಜನವರಿಯಲ್ಲಿ. ಯುಎಇ, ಕುವೈತ್, ಕತಾರ್ ಹೊರಗೇ ಉಳಿದಿರುವುದರಿಂದ ಅಲ್ಲಿಗೆ ಹೋಗುವ ನರ್ಸುಗಳು, ಮೆಕ್ಯಾನಿಕ್‌ಗಳಿಗೆ ಇವತ್ತಿಗೂ ರಾಯಭಾರ ಕಚೇರಿಯ ಹಳೇ ದಾರಿಯೇ ಗತಿ.

ನಮ್ಮಲ್ಲಿ ಅಪೊಸ್ಟಿಲ್ ಎಂದರೆ ದಾಖಲೆಯ ಬೆನ್ನಿಗೆ ಅಂಟಿಸುವ ಒಂದು ಸ್ಟಿಕ್ಕರ್. ತಲೆಬರಹ ಫ್ರೆಂಚಿನಲ್ಲಿ, ಒಪ್ಪಂದದ ಕಡ್ಡಾಯ ಅದು. ಕೆಳಗೆ ಅಂಕಿ ಹಾಕಿದ ಹತ್ತು ಬಾಬುಗಳು: ಯಾವ ದೇಶ, ಸಹಿ ಯಾರದು, ಯಾವ ಹುದ್ದೆಯಲ್ಲಿದ್ದು ಸಹಿ ಹಾಕಿದರು, ಯಾವ ಕಚೇರಿಯ ಮೊಹರು, ಪ್ರಮಾಣೀಕರಿಸಿದ್ದು ಎಲ್ಲಿ, ಯಾವತ್ತು, ಯಾರು, ಯಾವ ಸಂಖ್ಯೆ, ಆಮೇಲೆ ಮೊಹರು ಮತ್ತು ಸಹಿ. ಒಪ್ಪಂದ ಹೇಳುವ ಈ ಹತ್ತರಲ್ಲಿ ಹುಟ್ಟಿದ ತಾರೀಕಿಗೆ ಜಾಗ ಇಲ್ಲ. ಅಪ್ಪ ಅಮ್ಮನ ಹೆಸರು ಸರಿಯೋ ತಪ್ಪೋ ಎಂಬುದಕ್ಕೂ ಜಾಗ ಇಲ್ಲ. ‘ಈ ಸಹಿ ಹಾಕಿದವರು ನಿಜಕ್ಕೂ ಆ ಅಧಿಕಾರಿಯೇ’ ಎಂದಷ್ಟೇ ವಿದೇಶಾಂಗ ಸಚಿವಾಲಯ ಹೇಳುತ್ತದೆ. ಕಾಗದದೊಳಗಿನ ಮಾತಿಗೆ ಅದು ಜವಾಬ್ದಾರಿ ಹೊರುವುದಿಲ್ಲ. ಮಗಳ ಹೆಸರಿನ ಜಾಗದಲ್ಲಿ ‘ಹೆಣ್ಣು ಮಗು’ ಎಂದು ಬರೆದಿರುವ ಜನನ ಪ್ರಮಾಣಪತ್ರಕ್ಕೂ ಸ್ಟಿಕ್ಕರ್ ಅಂಟುತ್ತದೆ, ಏಕೆಂದರೆ ಸಹಿ ಸಾಚಾ. ಸರ್ಕಾರಿ ಶುಲ್ಕ ದಾಖಲೆಗೆ 50 ರೂಪಾಯಿ, ಮೇಲೆ ಸಂಗ್ರಹ ಕೇಂದ್ರದ ಚಿಕ್ಕ ಸೇವಾಶುಲ್ಕ. ಏಜೆಂಟರಿಗೆ ನಾವು ಸಾವಿರಗಟ್ಟಲೆ ಕೊಟ್ಟು ಪಕ್ಕಾ ಮಾಡಿಸಿಕೊಂಡದ್ದು ಒಂದು ಸಹಿಯನ್ನು ಮಾತ್ರ.

‘ಸೀಲು ಇದ್ದರೆ ಯಾರು ಕೇಳುತ್ತಾರೆ’ ಎನ್ನುವವರು ಜರ್ಮನಿಯನ್ನು ನೋಡಲಿ. ಭಾರತ ಈ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತು, ಅದು ಹಾಗೇ ಉಳಿದಿದೆ. ಎರಡು ದೇಶಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ. ಬದಲಿಗೆ ಜರ್ಮನಿಯ ದೂತಾವಾಸಗಳು ಭಾರತದ ಜನನ, ವಿವಾಹ ದಾಖಲೆಗಳನ್ನು ಪರಿಶೀಲಿಸಬೇಕಾದಾಗ ತಾವು ನಂಬುವ ವಕೀಲರ ಮೂಲಕ ದಾಖಲೆ ಹುಟ್ಟಿದ ಜಾಗದಲ್ಲೇ ವಿಚಾರಿಸುವ ಪದ್ಧತಿ ಇಟ್ಟುಕೊಂಡಿವೆ. ಮ್ಯೂನಿಕ್‌ನಲ್ಲಿ ಮದುವೆಯಾಗಲು ಹೊರಟ ಹೊಸನಗರದ ಹುಡುಗನ ಕಾಗದ ಸಾಚಾ ಹೌದೋ ಅಲ್ಲವೋ ಎಂದು ಗೊತ್ತುಮಾಡಲು ಯಾರೋ ಬಂದು ರಿಜಿಸ್ಟರಿನ ಆ ಪುಟ ತೆಗೆಸುತ್ತಾರೆ. ಸ್ಟಿಕ್ಕರನ್ನು ಅವರು ಕೇಳುವುದೂ ಇಲ್ಲ. ಈ ಆಕ್ಷೇಪದಲ್ಲಿ ನಮ್ಮ ಮೇಲಿನ ಅಪನಂಬಿಕೆ ಇದೆ, ಅದು ಹಿತವಾದ ಸಂಗತಿಯಲ್ಲ. ಆದರೆ ದಾಖಲೆಯ ಜೀವ ಎಲ್ಲಿದೆ ಎಂಬುದು ನಮ್ಮ ಊರಿನ ಉಪದೇಶಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿದೆ.

ಇನ್ನು ಅಮೆರಿಕ. ಮಲೆನಾಡಿನ ಮನೆಗಳಿಂದ ಹೆಚ್ಚು ಜನ ಹೋಗುವ ದೇಶಗಳಲ್ಲಿ ಅದೂ ಒಂದು. ಅಲ್ಲಿನ ವಲಸೆ ವೀಸಾಕ್ಕೆ ಕೇಳುವುದು ಮೂಲ ಜನನ ಪ್ರಮಾಣಪತ್ರ, ಅದು ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ. ಅಪೊಸ್ಟಿಲ್ ಕೇಳುವುದಿಲ್ಲ. ಆದರೂ ಅಮೆರಿಕಕ್ಕೆ ಹೊರಡುವ ಎಷ್ಟೋ ಮಂದಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಮದುವೆ ಸರ್ಟಿಫಿಕೇಟಿನವರೆಗೆ ಎಲ್ಲದರ ಬೆನ್ನಿಗೂ ಸ್ಟಿಕ್ಕರ್ ಹಚ್ಚಿಸಿಕೊಳ್ಳುತ್ತಾರೆ. ಯಾಕೆ ಎಂದರೆ ‘ಇರಲಿ, ಬೇಕಾಗಬಹುದು’. ಯಾವ ದೇಶ ಯಾವ ಕಾಗದಕ್ಕೆ ಯಾವ ಮುದ್ರೆ ಕೇಳುತ್ತದೆ ಎಂದು ಮೊದಲು ವಿಚಾರಿಸಿಕೊಂಡರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ. ಆ ಪ್ರಶ್ನೆ ಕೇಳಿ ನಿಮ್ಮ ದುಡ್ಡು ಉಳಿಸುವುದು ಏಜೆಂಟನ ಕಸುಬಲ್ಲ.

ನನ್ನ ನಿಜವಾದ ಜಗಳ ಇರುವುದು ನಮ್ಮ ಜನರ ಜೊತೆಗೇ. ಮಲೆನಾಡಿನ ಅಡಿಕೆ ಬೆಳೆಗಾರನಿಗೆ ದಾಖಲೆ ಓದಲು ಬರುವುದಿಲ್ಲ ಎಂದು ಯಾರೂ ಹೇಳಲಾರರು. ತೋಟದ ಸರ್ವೆ ನಂಬರು, ಹಿಸ್ಸೆ ನಂಬರು, ಖರಾಬು ಎಷ್ಟು ಗುಂಟೆ ಎಂಬುದನ್ನು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಪಹಣಿಯ ಕಲಂ ಒಂಬತ್ತರಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಸೊಸೈಟಿ ಸಾಲ ಕೂತಿದೆ ಎಂಬುದು ಅವನಿಗೆ ಬಾಯಿಪಾಠ. ಸೊಪ್ಪಿನ ಬೆಟ್ಟದ ಹಕ್ಕಿಗಾಗಿ ಅಪ್ಪನ ಕಾಲದ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾನೆ. ಬಗರ್‌ಹುಕುಂ ಅರ್ಜಿಯ ಹಿಂದೆ ವರ್ಷಗಟ್ಟಲೆ ಅಲೆದ ಮನುಷ್ಯ ಅವನು, ಯಾವ ಟೇಬಲ್ಲಿನಲ್ಲಿ ಯಾವ ಕಡತ ನಿಲ್ಲುತ್ತದೆ ಎಂದು ತಹಶೀಲ್ದಾರರಿಗಿಂತ ಚೆನ್ನಾಗಿ ಬಲ್ಲವನು. ಅದೇ ಮನುಷ್ಯ ಮಗಳ ಜನನ ನೋಂದಣಿಯಲ್ಲಿ ಅವಳ ಹೆಸರು ಬರೆದಿದೆಯೋ ಇಲ್ಲವೋ ಎಂದು ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. ನೆಲಕ್ಕೆ ಕೊಟ್ಟ ಗಮನದ ನೂರರಲ್ಲೊಂದು ಪಾಲು ಮಗುವಿನ ಕಾಗದಕ್ಕೆ ಕೊಟ್ಟಿದ್ದರೆ ಏಜೆಂಟನಿಗೆ ಮಾಡಲು ಹೆಚ್ಚು ಕೆಲಸ ಉಳಿಯುತ್ತಿರಲಿಲ್ಲ.

ಆ ರಿಜಿಸ್ಟರಿನ ಪುಟ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಗ್ರಾಮ ಲೆಕ್ಕಿಗರು, ಅಂದರೆ ಹಳೇ ಶಾನುಭೋಗರ ಉತ್ತರಾಧಿಕಾರಿಗಳು, ಕೈಬರಹದಲ್ಲಿ ತುಂಬಿದ ಪುಟ. ಮಳೆಗಾಲದ ಥಂಡಿಗೆ ಅಂಚು ಮೆತ್ತಗಾಗಿ ಶಾಯಿ ಹಬ್ಬಿರುತ್ತದೆ. ತಂದೆಯ ಹೆಸರಿನ ಕಡೆ ‘ಮಂಜಪ್ಪ’ ಎಂದಷ್ಟೇ, ಇನಿಷಿಯಲ್ ಇಲ್ಲ. ತಾಯಿಯ ಹೆಸರು ತವರಿನದೋ ಗಂಡನ ಮನೆಯದೋ, ಹೇಳಿದವರು ಹೇಳಿದ ಹಾಗೆ. ಮಗುವಿನ ಹೆಸರಿನ ಅಂಕಣ ಖಾಲಿ, ಏಕೆಂದರೆ ನಾಮಕರಣಕ್ಕೆ ಮೊದಲೇ ಸುದ್ದಿ ಕೊಟ್ಟಾಗಿತ್ತು, ಆಮೇಲೆ ಯಾರೂ ಹೋಗಲಿಲ್ಲ. ಅಲ್ಲಿಂದ ಐದು ವರ್ಷಕ್ಕೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಕೂಡಿಬರಲಿ ಎಂದು ಒಂದು ಅನುಕೂಲದ ತಾರೀಕು ಬರೆದರು. ಅದು ಎಸ್ಸೆಸ್ಸೆಲ್ಸಿ ಕಾರ್ಡಿಗೆ ಹೋಯಿತು, ಅಲ್ಲಿಂದ ಪಾಸ್‌ಪೋರ್ಟಿಗೆ. ರಿಜಿಸ್ಟರಿನಲ್ಲಿ ನಿಜವಾದ ತಾರೀಕು ಸುಮ್ಮನೆ ಕೂತಿದೆ. ಶಾಲೆಯಲ್ಲಿ ‘ಗಣಪತಿ ಎಚ್.ಎಂ.’, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ, ತಾನು ಮೂವರೂ ಸೇರಿದ ಉದ್ದನೆಯ ಹೆಸರು, ಮದುವೆ ಕಾಗದದಲ್ಲಿ ‘ಚಿ. ಗಣೇಶ’. ಸಾಲದ್ದಕ್ಕೆ 2014ರ ನವೆಂಬರ್ 1ರಂದು ಜಿಲ್ಲೆಯ ಇಂಗ್ಲಿಷ್ ಹೆಸರೂ ಶಿವಮೊಗ್ಗ ಎಂದು ಬದಲಾಗಿದೆ, ಹಳೇ ಪಾಸ್‌ಪೋರ್ಟಿನಲ್ಲಿ ‘ಶಿಮೊಗ’ ಹಾಗೇ ಇದೆ. ನಮಗೆ ಇವೆಲ್ಲ ಒಬ್ಬನೇ ಮನುಷ್ಯ. ನೆದರ್ಲೆಂಡ್ಸಿನ ನಗರಸಭೆಯಲ್ಲಿ ನಿವಾಸಿಯಾಗಿ ನೋಂದಾಯಿಸಿಕೊಳ್ಳಲು ಹೋದಾಗ ಗಂಡ ಹೆಂಡತಿ ಇಬ್ಬರ ಅಪೊಸ್ಟಿಲ್ ಆದ ಜನನ, ವಿವಾಹ ಪತ್ರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡುವ ಗುಮಾಸ್ತೆಗೆ ಮಾತ್ರ ಇವರು ಮೂರು ಜನ.

ಇದನ್ನು ಯಾವ ಸ್ಟಿಕ್ಕರೂ ಸರಿಮಾಡದು. ಕಾಯ್ದೆ ಮಾಡುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಪ್ರಕಾರ ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು. 15ನೇ ಕಲಂ ಪ್ರಕಾರ ತಪ್ಪು ನಮೂದನ್ನು ತಿದ್ದಬಹುದು. ತಿದ್ದುವ ರೀತಿಯೂ ಚೆಂದ: ಮೂಲ ಬರಹವನ್ನು ಮುಟ್ಟುವ ಹಾಗಿಲ್ಲ, ಪುಟದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ನೋಂದಣಾಧಿಕಾರಿ ಸಹಿ ಮಾಡಿ ತಾರೀಕು ಹಾಕಬೇಕು. ಹುಟ್ಟು ದಾಖಲಾಗಿಯೇ ಇಲ್ಲ ಎಂದಾದರೆ ಒಂದು ವರ್ಷ ಮೀರಿದ ಪ್ರಕರಣಕ್ಕೆ ದಂಡಾಧಿಕಾರಿಯ ಆದೇಶ ಬೇಕು. ಮುಂಚೆ ಇದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ, ಉಪವಿಭಾಗ ಮಟ್ಟದ ಕಂದಾಯ ದಂಡಾಧಿಕಾರಿಗಳಿಗೆ ಕೊಟ್ಟಿತು. ಉಪವಿಭಾಗದ ಲೆಕ್ಕದಲ್ಲಿ ಸಾಗರ, ಹೊಸನಗರ ಎರಡಕ್ಕೂ ಸಾಗರವೇ ಕೇಂದ್ರ, ತೀರ್ಥಹಳ್ಳಿಯವರು ಶಿವಮೊಗ್ಗಕ್ಕೆ ಹೋಗಬೇಕು. ಇಷ್ಟೂ ಕೆಲಸ ಜಿಲ್ಲೆಯೊಳಗೇ ಮುಗಿಯುವಂಥದ್ದು. ಅದೇ ತಿದ್ದುಪಡಿ ಆ ದಿನದಿಂದಾಚೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವನ್ನೇ ಹುಟ್ಟಿದ ತಾರೀಕಿನ ಆಧಾರ ಮಾಡಿರುವುದರಿಂದ ಇನ್ನು ಮುಂದೆ ಮೇಷ್ಟ್ರ ತಾರೀಕು ಬಚಾವು ಮಾಡುವುದಿಲ್ಲ.

ಲಿಂಗನಮಕ್ಕಿಯ ಮಾತು ಇಲ್ಲಿ ಬರಲೇಬೇಕು. ಶರಾವತಿಗೆ ಅಡ್ಡ ಕಟ್ಟಿದ ಆ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿ ಹೋದವು. ಅದಕ್ಕೂ ಮುಂಚೆ ಆ ಊರುಗಳಲ್ಲಿ ಹುಟ್ಟಿದವರಿಗೆ ಈಗ ಅರವತ್ತು ದಾಟಿದೆ. ಅಮೆರಿಕದ ಪೌರರಾದ ಮಕ್ಕಳು ಅಪ್ಪ ಅಮ್ಮನನ್ನು ಕಾಯಂ ಕರೆಸಿಕೊಳ್ಳುವ ವಯಸ್ಸು ಅದು. ಹುಟ್ಟಿದ ಊರು ಯಾವುದು ಎಂದರೆ ಹಿನ್ನೀರಿನ ಕಡೆ ಕೈ ತೋರಿಸಬೇಕು. ಹೆರಿಗೆಯಾದದ್ದು ಮನೆಯಲ್ಲಿ, ನೋಂದಣಿ ಕಾಯ್ದೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ಕ್ಕೆ. ಇಂಥವರಿಗೆ ಬೇಕಾದದ್ದು ‘ಹುಡುಕಿದೆವು, ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ. ಅದರ ಜೊತೆಗೆ ಶಾಲಾ ದಾಖಲೆ, ಹಿರಿಯರ ಅಫಿಡವಿಟ್ ಇಟ್ಟರೆ ಅಮೆರಿಕದ ದೂತಾವಾಸ ಪರಿಗಣಿಸುತ್ತದೆ. ಈ ದಾಖಲೆ ಇಲ್ಲ ಎಂಬ ದಾಖಲೆಯನ್ನು ಕೊಡಬಲ್ಲವರು ಆ ವ್ಯಾಪ್ತಿಯ ನೋಂದಣಾಧಿಕಾರಿ ಮಾತ್ರ. ಮುಳುಗಿದ ಊರು ಇವತ್ತು ಯಾರ ವ್ಯಾಪ್ತಿ, ಅದರ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದು ಬೆಂಗಳೂರಿನ ಏಜೆಂಟನಿಗೆ ಹೇಗೆ ತಿಳಿಯಬೇಕು? ಅವನು ಕೊನೆಗೆ ಊರಿನಲ್ಲೇ ಒಬ್ಬನನ್ನು ಹಿಡಿಯುತ್ತಾನೆ. ಆ ಒಬ್ಬ ಹೋಗುವುದು ನೀವೇ ಹೋಗಬಹುದಾಗಿದ್ದ ಟೇಬಲ್ಲಿಗೆ.

ಏಜೆಂಟರೆಲ್ಲ ಕಳ್ಳರು ಎಂದು ನಾನು ಹೇಳುತ್ತಿಲ್ಲ. 2012ರಿಂದ ವಿದೇಶಾಂಗ ಸಚಿವಾಲಯ ಜನರಿಂದ ನೇರವಾಗಿ ದಾಖಲೆ ತೆಗೆದುಕೊಳ್ಳುವುದನ್ನು ಬಿಟ್ಟು ಅದಕ್ಕೆಂದೇ ಅಧಿಕೃತ ಸಂಸ್ಥೆಗಳನ್ನು ನೇಮಿಸಿದೆ. ಅವು ಬೇಕೇ ಬೇಕು, ಅವುಗಳ ದರವೂ ನಿಗದಿ. ಅವು ಬೇರೆ, ‘ಎಲ್ಲ ನಮಗೆ ಬಿಡಿ’ ಎನ್ನುವ ಮಧ್ಯವರ್ತಿ ಬೇರೆ. ಇನ್ನೊಂದು ಮಾತೂ ನಿಜ: ಸಾಗರದಿಂದ ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ಕೊನೆಕೊಯ್ಲಿನ ದಿನಗಳಲ್ಲಿ ತೋಟ ಬಿಟ್ಟು ರಾತ್ರಿ ಬಸ್ಸು ಹತ್ತು ಎನ್ನುವುದು ಕ್ರೌರ್ಯ. ವೈಯಕ್ತಿಕ ದಾಖಲೆಗೆ ರಾಜ್ಯದ ಗೃಹ ಇಲಾಖೆ, ಓದಿನ ದಾಖಲೆಗೆ ಶಿಕ್ಷಣ ಇಲಾಖೆ ಮೊದಲು ದೃಢೀಕರಿಸಬೇಕು, ಆಮೇಲೆ ಕೇಂದ್ರದ್ದು. ಪದವಿ ಪತ್ರವಾದರೆ ವಿಶ್ವವಿದ್ಯಾಲಯದ ಪರಿಶೀಲನೆ ಬೇರೆ. ತೀರ್ಥಹಳ್ಳಿಯ ತುಂಗಾ ಕಾಲೇಜಿನಲ್ಲೋ ಸಾಗರದ ಎಲ್.ಬಿ. ಕಾಲೇಜಿನಲ್ಲೋ ಓದಿದವರು ಶಂಕರಘಟ್ಟಕ್ಕೆ ಹೋಗಬೇಕು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟುವ ಮೊದಲೇ ಪದವಿ ಮುಗಿಸಿದವರಾದರೆ ಮೈಸೂರಿಗೆ. ಈ ಸುತ್ತಾಟಕ್ಕೆ ಕೂಲಿ ಕೊಟ್ಟು ಕಳಿಸುವುದರಲ್ಲಿ ತಪ್ಪಿಲ್ಲ, ಕೂಲಿ ಕೊಟ್ಟದ್ದು ಸಾಗಣೆಗೆ ಎಂದು ಗೊತ್ತಿರಬೇಕು ಅಷ್ಟೆ. ಮೂಲ ದಾಖಲೆಯನ್ನು ಕೈಬಿಡುವ ಮುಂಚೆ ಅಕ್ಷರ ಅಕ್ಷರ ಓದಿರಬೇಕು, ಜೋಪಾನ ಎಂದುಕೊಂಡು ಲ್ಯಾಮಿನೇಷನ್ ಮಾಡಿಸಿಟ್ಟಿರಬಾರದು. ಪ್ಲಾಸ್ಟಿಕ್ಕಿನ ಮೇಲೆ ಸೀಲೂ ಕೂರುವುದಿಲ್ಲ, ಸ್ಟಿಕ್ಕರೂ ನಿಲ್ಲುವುದಿಲ್ಲ. ಆಮೇಲೆ ಹೊಸ ಪ್ರತಿಗೆ ಅಲೆಯಬೇಕು.

ಆದರೆ ‘ಬೇಗ ಆಗುತ್ತೆ’ ಎಂದು ಮಧ್ಯವರ್ತಿಗಳು ತೋರಿಸುವ ಒಂದು ಒಳದಾರಿ ನನಗೆ ಸಹಿಸಲಾಗದ್ದು. ಕರ್ನಾಟಕದ ಇಲಾಖೆಯನ್ನು ಬದಿಗಿಟ್ಟು, ಊರಿನ ನೋಟರಿಯ ಸಹಿ ಹಾಕಿಸಿ, ದೆಹಲಿಯ ಎಸ್‌ಡಿಎಂ ಕಚೇರಿಯೊಂದರಲ್ಲಿ ದೃಢೀಕರಣ ಪಡೆದು ಮುಂದೆ ದಾಟಿಸುವುದು. ಹೊಸನಗರದ ನೋಂದಣಾಧಿಕಾರಿಯ ಸಹಿಯನ್ನು ಜನ್ಮದಲ್ಲಿ ನೋಡದ ಅಧಿಕಾರಿಯೊಬ್ಬರು ಅದನ್ನು ಮುಂದಿನವರಿಗೆ ಒಪ್ಪಿಸುತ್ತಾರೆ. ಕಾಗದದ ಮೇಲೆ ಎಲ್ಲ ಸರಿ. ಸಹಿ ಗುರುತಿಸುವ ಸಂಬಂಧಕ್ಕಾಗಿಯೇ ಕಟ್ಟಿದ ವ್ಯವಸ್ಥೆಯಲ್ಲಿ ಆ ಸಂಬಂಧವೇ ಇಲ್ಲದಂತಾಯಿತು. ಮುಂದೆ ಯಾವುದೋ ದೇಶ ‘ರಾಜ್ಯ ಇಲಾಖೆಯದ್ದೇ ತನ್ನಿ’ ಎಂದರೆ ಎಲ್ಲವೂ ಮೊದಲಿನಿಂದ.

ಹೀಗಿರುವಾಗ ನಾವು ಕೇಳಬೇಕಾದದ್ದು ಒಳ್ಳೆಯ ಏಜೆಂಟರ ಫೋನ್ ನಂಬರನ್ನಲ್ಲ. ರಾಜ್ಯದ ದೃಢೀಕರಣ ಶಿವಮೊಗ್ಗದ ಜಿಲ್ಲಾಧಿಕಾರಿ ಕಚೇರಿಯಲ್ಲೇ ಯಾಕೆ ಆಗಬಾರದು? ತಾಲ್ಲೂಕಿನ ಅಧಿಕಾರಿಗಳ ಸಹಿ ಅಲ್ಲಿಯವರಿಗೆ ದಿನಾ ಕಂಡು ಗೊತ್ತು, ವಿಧಾನಸೌಧದವರಿಗೆ ಮಾದರಿ ಸಹಿ ತರಿಸಿ ನೋಡಬೇಕು. ಅಪೊಸ್ಟಿಲ್ ಕೊಡುವ ಅಧಿಕಾರಿಗಳು ಯಾರು, ಎಷ್ಟು ಎಂಬುದನ್ನು ಒಪ್ಪಂದ ಆಯಾ ದೇಶಕ್ಕೇ ಬಿಟ್ಟಿದೆ. ಅಮೆರಿಕದಲ್ಲಿ ಆಯಾ ರಾಜ್ಯವೇ ತನ್ನ ದಾಖಲೆಗೆ ಅಪೊಸ್ಟಿಲ್ ಕೊಡುತ್ತದೆ. ನಮ್ಮಲ್ಲೂ ದೆಹಲಿಯಲ್ಲಿ ಮಾತ್ರ ಎಂದಿದ್ದದ್ದು 2019ರಲ್ಲಿ ಬೆಂಗಳೂರೂ ಸೇರಿದಂತೆ ಹಲವು ನಗರಗಳಿಗೆ ಹಂಚಿಹೋಯಿತು. ಹಂಚಲು ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಇ-ಸನದ್ ಎಂಬ ಆನ್‌ಲೈನ್ ವ್ಯವಸ್ಥೆ 2017ರಲ್ಲೇ ಶುರುವಾಗಿದೆ. ದಾಖಲೆ ಕೊಟ್ಟ ಕಚೇರಿಯೇ ಕಂಪ್ಯೂಟರಿನಲ್ಲಿ ಪರಿಶೀಲಿಸಿ ಕಳಿಸಿದರೆ ಅರ್ಜಿದಾರ ಕಾಗದ ಹಿಡಿದು ಸುತ್ತುವ ಅಗತ್ಯವಿಲ್ಲ ಎಂಬುದು ಅದರ ಹೂರಣ. ಅದು ನಡೆಯಬೇಕಾದರೆ ಕೆಳಗಿನ ಕಚೇರಿಗಳು ಅದಕ್ಕೆ ಸೇರಬೇಕು, ಹಳೇ ರಿಜಿಸ್ಟರುಗಳು ಸ್ಕ್ಯಾನ್ ಆಗಬೇಕು. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ಮಾದರಿ ಎನಿಸಿಕೊಂಡ ರಾಜ್ಯ ಇದು. ಜನರ ಹುಟ್ಟಿನ ಪುಸ್ತಕಕ್ಕೂ ಅಷ್ಟೇ ಗಟ್ಟಿಯಾಗಿ ಒತ್ತಾಯ ಬಂದಿದ್ದರೆ ಆಗುತ್ತಿತ್ತು. ಒತ್ತಾಯಿಸಬೇಕಾದವರೆಲ್ಲ ದುಡ್ಡು ಕೊಟ್ಟು ಕೈತೊಳೆದುಕೊಂಡರು, ಕಚೇರಿಯೂ ಹಾಯಾಗಿ ಉಳಿಯಿತು.

‘ಹೊರದೇಶಕ್ಕೆ ಹೋಗುವವರ ತೆವಲಿಗೆ ತಾಲ್ಲೂಕು ಕಚೇರಿ ಯಾಕೆ ಕುಣಿಯಬೇಕು’ ಎಂದು ಕೇಳುವವರೂ ಇದ್ದಾರೆ. ಅವರಿಗೊಂದು ಮಾತು. ಅಪ್ಪ ತೀರಿಕೊಂಡು ಪೌತಿ ಖಾತೆ ಆಗದೆ ಉಳಿದ ತೋಟಗಳು ಈ ಮೂರು ತಾಲ್ಲೂಕಿನಲ್ಲಿ ಹೆಜ್ಜೆಗೊಂದು. ಮೂವರು ಮಕ್ಕಳಲ್ಲಿ ಒಬ್ಬ ನ್ಯೂಜೆರ್ಸಿಯಲ್ಲಿದ್ದರೆ ಅವನ ಅಧಿಕಾರಪತ್ರ ಅಲ್ಲಿನ ನೋಟರಿ, ಅಪೊಸ್ಟಿಲ್ ಅಥವಾ ನಮ್ಮ ದೂತಾವಾಸದ ದೃಢೀಕರಣ ದಾಟಿ ಇಲ್ಲಿಗೆ ಬರಬೇಕು. ಬಂದ ಮೇಲೆ ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ ಪ್ರಕಾರ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಆ ಕಾಗದದಲ್ಲಿರುವ ಅವನ ಹೆಸರು ಪಾಸ್‌ಪೋರ್ಟಿನದು. ವಂಶವೃಕ್ಷದಲ್ಲಿರುವುದು ಊರಿನ ಹೆಸರು. ಎರಡೂ ಒಂದೇ ಎಂದು ರುಜುವಾತಾಗದೆ ಊರಲ್ಲೇ ಉಳಿದ ತಮ್ಮನಿಗೆ ಹಿಸ್ಸೆಯೂ ಇಲ್ಲ, ತೋಟದ ಮೇಲೆ ಸಾಲವೂ ಇಲ್ಲ. ಹೋದವನ ಕಾಗದ ಸರಿಯಿಲ್ಲದಿದ್ದರೆ ಪೆಟ್ಟು ತಿನ್ನುವವನು ಇದ್ದವನು.

ಕೊನೆಗೆ ಎಲ್ಲರೂ ಎಸೆಯುವ ಅಸ್ತ್ರ ಒಂದಿದೆ: ‘ನೀವು ಹೇಳ್ತೀರಿ, ಕಚೇರಿಯಲ್ಲಿ ಮಾಡಿಕೊಡಬೇಕಲ್ಲ. ನಾಳೆ ಬನ್ನಿ ಅಂತಾರೆ.’ ಅನ್ನುತ್ತಾರೆ, ಸುಳ್ಳಲ್ಲ. ಹಾಗೆಂದಾಗ ಮಾತಿನಲ್ಲಿ ಕೇಳಿಕೊಂಡು ವಾಪಸು ಬರುವುದೇ ನಮ್ಮ ತಪ್ಪು. ಅರ್ಜಿಯನ್ನು ಲಿಖಿತವಾಗಿ ಕೊಡಿ, ಸ್ವೀಕೃತಿ ಕೇಳಿ. ಜನನ ಮರಣ ಪ್ರಮಾಣಪತ್ರಗಳು 2011ರ ಸಕಾಲ ಕಾಯ್ದೆಯ ವ್ಯಾಪ್ತಿಯಲ್ಲಿವೆ, ದಿನದ ಲೆಕ್ಕ ಅಲ್ಲಿಂದ ಶುರು. ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಹಿಂಬರಹ ಕೊಡಿ ಎನ್ನಿ. ಬಗರ್‌ಹುಕುಂ ಅರ್ಜಿಗೆ ಹಿಂಬರಹ ಕೇಳಿ ಪಡೆಯುವುದು ಗೊತ್ತಿರುವ ಜನಕ್ಕೆ ಇದನ್ನು ನಾನು ಕಲಿಸಬೇಕಾಗಿಲ್ಲ. ಆ ಒಂದು ಹಾಳೆಯನ್ನಿಟ್ಟು ಮೇಲ್ಮನವಿ ಹಾಕಬಹುದು, ಉಪವಿಭಾಗಾಧಿಕಾರಿಯ ಮುಂದೆ ನಿಲ್ಲಬಹುದು. ‘ದಾಖಲೆ ಲಭ್ಯವಿಲ್ಲ’ ಎಂದು ಅದರಲ್ಲಿ ಬರೆದಿದ್ದರೆ ಅದನ್ನೇ ಮುಂದಿಟ್ಟು ಲಭ್ಯವಿಲ್ಲ ಎಂಬ ಪ್ರಮಾಣಪತ್ರ ಕೇಳಬಹುದು.